ಸಾಫ್ಟ್‌ವೇರ್ ಅಶ್ಯೂರೆನ್ಸ್ ನಿಲ್ಲಿಸಿದ ಮೇಲೆ ಎಸ್‌ಕ್ಯೂಎಲ್ ಸರ್ವರ್ 2022 ಉಳಿಸಿಕೊಂಡದ್ದು

ಸಮಸ್ಯೆ: ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್‌ನ 2019 ಆವೃತ್ತಿಗೆ, ಪ್ರೊಸೆಸರ್ ಕೋರ್‌ಗಳ ಲೆಕ್ಕದಲ್ಲಿ ಕೊಂಡ ಶಾಶ್ವತ ಲೈಸೆನ್ಸ್. ಓಡುತ್ತಿದ್ದದ್ದು 2022 ಆವೃತ್ತಿ. ಹೊಸ ಆವೃತ್ತಿಗಳ ಹಕ್ಕು ಕೊಡುವ, ನಿಗದಿತ ಅವಧಿಯ ಸಾಫ್ಟ್‌ವೇರ್ ಅಶ್ಯೂರೆನ್ಸ್ ನವೀಕರಿಸಲಿಲ್ಲ. 'ಇನ್ನು 2022 ಓಡಿಸುವಂತಿಲ್ಲ, 2019ಕ್ಕೆ ಇಳಿಸಿ' ಎಂದು ಮಾರಾಟಗಾರರ ಪತ್ರ ಬಂತು.

ಖರೀದಿ ಬಿಲ್ ತೋರಿಸಿ ಪ್ರಯೋಜನವಾಗಲಿಲ್ಲ. ಅದರಲ್ಲಿ ಇರುವುದು 2019 ಮಾತ್ರ. ಪ್ರಾಡಕ್ಟ್ ಕೀ ಕೂಡ ಪುರಾವೆಯಲ್ಲ. ಸಂಸ್ಥೆಗಳಿಗೆ ಸಗಟಾಗಿ ಕೊಡುವ ವಾಲ್ಯೂಮ್ ಲೈಸೆನ್ಸ್‌ನ ಇನ್‌ಸ್ಟಾಲರ್‌ನಲ್ಲಿ ಅದು ಮೊದಲೇ ತುಂಬಿರುತ್ತದೆ.

ಕೆಲಸಕ್ಕೆ ಬಂದದ್ದು ಎರಡು ದಿನಾಂಕಗಳ ಹೋಲಿಕೆ. ಮೊದಲು ಸರ್ವರ್‌ನ ಆವೃತ್ತಿ ನೋಡಿ: 16.0 ಎಂದರೆ 2022, 15.0 ಎಂದರೆ 2019. ಆಮೇಲೆ ಮೈಕ್ರೋಸಾಫ್ಟ್ 365 ಅಡ್ಮಿನ್ ಸೆಂಟರ್‌ನ ವಾಲ್ಯೂಮ್ ಲೈಸೆನ್ಸಿಂಗ್ ಭಾಗದಿಂದ ಅಶ್ಯೂರೆನ್ಸ್‌ನ ಆರಂಭ, ಅಂತ್ಯದ ದಿನಾಂಕ ತೆಗೆಯಿರಿ. 2022 ಆವೃತ್ತಿ ಬಿಡುಗಡೆಯಾದದ್ದು 2022ರ ನವೆಂಬರ್ 16ರಂದು. ಆ ದಿನ ಅಶ್ಯೂರೆನ್ಸ್ ಚಾಲ್ತಿಯಲ್ಲಿದ್ದರೆ 2022ರ ಹಕ್ಕು ಶಾಶ್ವತ. ಆಗ ಇನ್‌ಸ್ಟಾಲ್ ಮಾಡಿರಲೇಬೇಕೆಂದಿಲ್ಲ. ಪುಟದ ಪ್ರತಿ, ಒಪ್ಪಂದದ ಸಂಖ್ಯೆ ಲಗತ್ತಿಸಿ ಉತ್ತರಿಸಿದಾಗ ಬೇಡಿಕೆ ಕೈಬಿಟ್ಟರು.

ಆದರೆ ಸವಲತ್ತುಗಳು ಅಶ್ಯೂರೆನ್ಸ್ ಜೊತೆಗೇ ಹೋಗುತ್ತವೆ. ಮುಖ್ಯ ಸರ್ವರ್ ಕೆಟ್ಟರೆ ಕೆಲಸ ವಹಿಸಿಕೊಳ್ಳಲು ಇಟ್ಟ ಸ್ಟ್ಯಾಂಡ್‌ಬೈ ಸರ್ವರ್‌ಗಿದ್ದ ಉಚಿತ ಫೇಲ್‌ಓವರ್ ಹಕ್ಕು ಇರುವುದಿಲ್ಲ: ಅದಕ್ಕೆ ಲೈಸೆನ್ಸ್ ಕೊಳ್ಳಿ, ಇಲ್ಲವೇ ತೆಗೆದುಹಾಕಿ. ಲೈಸೆನ್ಸನ್ನು ಬೇರೆ ಸರ್ವರ್‌ಗೆ ವರ್ಗಾಯಿಸಿದರೆ, ಹಾರ್ಡ್‌ವೇರ್ ಕೆಟ್ಟ ಸಂದರ್ಭ ಬಿಟ್ಟು, 90 ದಿನ ಕದಲಿಸುವಂತಿಲ್ಲ. 2022 ಇನ್‌ಸ್ಟಾಲ್ ಮಾಡಲು ಬೇಕಾದ ಐಎಸ್ಒ ಫೈಲನ್ನು ಅಶ್ಯೂರೆನ್ಸ್ ಅವಧಿ ಮುಗಿಯುವ ಮೊದಲೇ ಇಳಿಸಿಟ್ಟುಕೊಳ್ಳಿ.