ಪೊಲ್ಲಿಲೂರು ಕದನ: ಗೋಡೆಯ ಚಿತ್ರವನ್ನೂ ಸೆರೆಯಾಳುಗಳ ಬರಹವನ್ನೂ ಒಟ್ಟಿಗೆ ಓದುವುದು ಹೇಗೆ?

ಶಿರಸಿ, ಕಾರವಾರದ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದವರು ಟಿಪ್ಪುವಿನ ಬೇಸಿಗೆ ಅರಮನೆಯಾದ ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಮುಂದೆ ನಿಂತೇ ನಿಲ್ಲುತ್ತಾರೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೇನೆಯು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಪಡೆಯನ್ನು ಸೋಲಿಸಿದ ಕದನ ಅಲ್ಲಿ ಚಿತ್ರವಾಗಿದೆ. ಅಂದು ಸೆರೆಸಿಕ್ಕು ಬದುಕುಳಿದ ಇಂಗ್ಲಿಷ್ ಅಧಿಕಾರಿಗಳ ಬರಹಗಳೂ ನಮಗೆ ಉಳಿದಿವೆ. ಎರಡೂ ತಾಳೆಯಾಗದಿದ್ದಾಗ ಒಂದನ್ನು ಸುಳ್ಳೆಂದು ಬದಿಗಿಡುವ ಆತುರ ಬೇಡ.

ಮೊದಲಿಗೆ, ಪ್ರತಿಯೊಂದು ಸಾಕ್ಷ್ಯದ ಪಕ್ಕದಲ್ಲೂ ಅದು ಹುಟ್ಟಿದ ಕಾಲವನ್ನು ಬರೆದುಕೊಳ್ಳಬೇಕು. ಅರಮನೆ ಕಟ್ಟಿದ್ದು 1784ರಲ್ಲಿ. ಸೆರೆಯಾಳುಗಳ ಬಿಡುಗಡೆಯಾದದ್ದೂ ಅದೇ ವರ್ಷದ ಮಂಗಳೂರು ಒಪ್ಪಂದದ ನಂತರ. ಚಿತ್ರವನ್ನಂತೂ ಇಂಗ್ಲಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಅಲ್ಲಿ ವಾಸವಿದ್ದಾಗ ಒಮ್ಮೆ, ಗವರ್ನರ್ ಜನರಲ್ ಡಾಲ್‌ಹೌಸಿಯ ಆಣತಿಯಂತೆ 1850ರ ದಶಕದಲ್ಲಿ ಇನ್ನೊಮ್ಮೆ ತಿದ್ದಿ ಬರೆಯಲಾಯಿತು. ಆದ್ದರಿಂದ ಸಿಪಾಯಿಗಳ ಅಂಗಿಯ ಬಣ್ಣವನ್ನು ನೋಡಿ 1780ರ ಸಮವಸ್ತ್ರ ಹೀಗಿತ್ತೆಂದು ವಾದಿಸುವುದು ಸಲ್ಲದು.

ಆಮೇಲೆ ಎದುರಾಳಿಗಳಿಬ್ಬರೂ ಒಪ್ಪುವ ಸಂಗತಿಯನ್ನು ಹುಡುಕಬೇಕು. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಇದೇ. ಬೈಲಿಯ ಸಿಡಿಮದ್ದಿನ ಬಂಡಿ ಸಿಡಿದದ್ದು ಚಿತ್ರದಲ್ಲೂ ಇದೆ, ಇಂಗ್ಲಿಷರ ಬರಹದಲ್ಲೂ ಇದೆ. ಹಾಗಾಗಿ ಸ್ಫೋಟ ನಡೆದದ್ದನ್ನು ಅನುಮಾನಿಸಬೇಕಿಲ್ಲ. ಆದರೆ ಸೋತವರಿಗೆ ಅದು ದುರದೃಷ್ಟದ ನೆಪವೂ ಆಗಬಲ್ಲದು, ಗೆದ್ದವರ ಗೋಡೆಯ ಮೇಲೆ ಅದೇ ಗೆಲುವಿನ ಗುರುತು. ಸೋಲಿಗೆ ಸ್ಫೋಟವೊಂದೇ ಕಾರಣವೇ ಎಂಬುದನ್ನು ಬೇರೆಯಾಗಿಯೇ ಚರ್ಚಿಸಬೇಕು.

ಒಂದು ಸಾಕ್ಷ್ಯ ಹೇಳದೆ ಬಿಟ್ಟದ್ದನ್ನು, ಅಂದರೆ ಅದರ ಮೌನವನ್ನು, ಅಳೆಯುವಾಗ ಇನ್ನೂ ಎಚ್ಚರ ಬೇಕು. ಸಮೀಪದಲ್ಲೇ ಸೈನ್ಯವಿಟ್ಟುಕೊಂಡಿದ್ದ ಕಂಪನಿಯ ಸೇನಾಪತಿ ಹೆಕ್ಟರ್ ಮನ್ರೋ ಸಕಾಲಕ್ಕೆ ನೆರವಿಗೆ ಬರಲಿಲ್ಲವೆಂಬುದು ಇಂಗ್ಲಿಷರ ನಡುವಿನ ದೊಡ್ಡ ಆಕ್ಷೇಪವಾಗಿತ್ತು. ಪಲ್ಲಕ್ಕಿಯಲ್ಲಿ ಕುಳಿತ ಬೈಲಿಯನ್ನು ತೋರಿಸುವುದೇ ಮುಖ್ಯವಾಗಿದ್ದ ಚಿತ್ರಕಾರನಿಗೆ ಆ ಜಗಳ ಬೇಕಿರಲಿಲ್ಲ.

ಅಭ್ಯಾಸಕ್ಕೆ ನಮ್ಮ ಹೊನ್ನಾವರವೇ ಇದೆ. 1783ರಲ್ಲಿ ಇಂಗ್ಲಿಷರು ಹಿಡಿದ ಅಲ್ಲಿನ ಕೋಟೆಗೆ ಮೈಸೂರಿನ ಸೇನೆ ಮುತ್ತಿಗೆ ಹಾಕಿದಾಗ, ಅದನ್ನು ಕಾಯುತ್ತಿದ್ದವನು ಕ್ಯಾಪ್ಟನ್ ಟೊರಿಯಾನೊ. ಅವನ ಕಡೆಯ ವೃತ್ತಾಂತ ಮುದ್ರಣದಲ್ಲಿದೆ. ಶರಾವತಿಯ ಅಳಿವೆಯ ನಕಾಶೆಯನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಕೋಟೆಯೊಳಗಿದ್ದವರು ಕಣ್ಣಾರೆ ಕಂಡದ್ದೆಷ್ಟು, ಹೊರಗಿನಿಂದ ಕೇಳಿ ಬರೆದದ್ದೆಷ್ಟು ಎಂದು ಸಾಲುಸಾಲಿಗೂ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋಗಬಹುದು.