ಎಂಜಿನ್ ಕೊಳ್ಳೋದು ಬೇರೆ, ಮಾಡೋದು ಬೇರೆ: ಮಷಿನ್ ಶಾಪಿನಿಂದ ನನ್ನ ಅನುಭವ

ಮಧ್ಯಮ ತೂಕದ ಲಾರಿಗಳಿಗೆ ಹೊರಗಿನಿಂದ ಎಂಜಿನ್ ಕೊಳ್ಳುತ್ತಿದ್ದ ನಮ್ಮ ಕಂಪನಿ, ಇನ್ನು ನಾವೇ ಮಾಡೋಣ ಅಂತ ತೀರ್ಮಾನಿಸಿದಾಗ ನಾನು ಮಷಿನ್ ಶಾಪ್ ತಂಡದಲ್ಲಿದ್ದೆ. ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಮೈ) ಮತ್ತು ಹೆಡ್ (ಅದರ ಮೇಲೆ ಕೂರುವ ಮುಚ್ಚಳ) ನನ್ನ ಪಾಲಿಗೆ ಬಂದವು. ಆಮೇಲೆ ಲಾರಿಯ ಬೆನ್ನೆಲುಬಾದ ಚಾಸಿ ಫ್ರೇಮಿನ ಲೈನೂ ಬಂತು. ಈ ಕೆಲಸಕ್ಕೆ ಹೊಸದಾಗಿ ಸೇರುವ ಎಂಜಿನಿಯರುಗಳು ಹೆಚ್ಚಾಗಿ ಕೇಳುವುದು ಮಷಿನುಗಳ ಬಗ್ಗೆ. ಯಾವ ಮೇಕ್, ಸೈಕಲ್ ಟೈಮ್ (ಒಂದು ತುಂಡು ಮುಗಿಸಲು ಹಿಡಿಯುವ ಸಮಯ) ಎಷ್ಟು, ಬಂಡವಾಳ ಎಷ್ಟು ಅಂತ. ದುಡ್ಡಿದ್ದರೆ ಮಷಿನ್ ಯಾರು ಬೇಕಾದರೂ ತರಬಹುದು. ಡ್ರಾಯಿಂಗಿನಲ್ಲಿರುವ ಒಂದೊಂದು ಅಂಕಿ ಯಾಕೆ ಹಾಗಿದೆ ಅಂತ ಗೊತ್ತಿರುವವರು ಸಿಗುವುದು ಕಷ್ಟ. ನಮ್ಮ ಹೆಚ್ಚಿನ ಶ್ರಮ ಹೋಗಿದ್ದು ಅದಕ್ಕೇ.

ಇಷ್ಟು ಉಸಾಬರಿ ಯಾಕೆ ಬೇಕಿತ್ತು? ಎಂಜಿನ್ ಮಾರುವವನಿಗೆ ನೀವೊಬ್ಬರೇ ಗಿರಾಕಿ ಅಲ್ಲ, ಅಲ್ವಾ? ಹೊಗೆ ನಿಯಮ ಬದಲಾದಾಗ ಅವನ ಕ್ಯಾಲೆಂಡರ್ ನೋಡಿಕೊಂಡು ನೀವು ಲಾರಿ ಮಾಡಬೇಕಾಗುತ್ತದೆ. 2017ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ಬಿಎಸ್ 4, ಅಂದರೆ ಭಾರತ್ ಸ್ಟೇಜ್ ಹೊಗೆ ನಿಯಮದ ನಾಲ್ಕನೇ ಹಂತ ಬಂತು. ಬಿಎಸ್ 5 ಬಿಟ್ಟು, 2020ರ ಏಪ್ರಿಲ್ 1ರಿಂದ ಸೀದಾ ಬಿಎಸ್ 6. ಸೈಲೆನ್ಸರ್ ಇದ್ದ ಜಾಗಕ್ಕೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಎಸ್‌ಸಿಆರ್ (ಯೂರಿಯಾ ದ್ರಾವಣದಿಂದ ಹೊಗೆಯ ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಭಾಗ) ಎಲ್ಲ ಸೇರಿದ ದೊಡ್ಡ ಡಬ್ಬ ಬಂತು. ಯೂರಿಯಾ ಟ್ಯಾಂಕಿಗೆ ಜಾಗ ಬೇಕಾಯಿತು. ರೇಡಿಯೇಟರ್ ಬದಲಾಯಿತು. ಫ್ರೇಮಿನ ತೂತುಗಳೂ ಜಾಗ ಬದಲಿಸಿದವು. ಎಂಜಿನ್ ಒಬ್ಬರ ಕೈಯಲ್ಲಿ, ಚಾಸಿ ಇನ್ನೊಬ್ಬರ ಕೈಯಲ್ಲಿ ಇದ್ದರೆ ಸಣ್ಣ ಬ್ರಾಕೆಟ್ ಬದಲಿಸಲೂ ತಿಂಗಳುಗಟ್ಟಲೆ ಪತ್ರ ವ್ಯವಹಾರ.

ಈ ದಾರಿ ಹಿಡಿದವರು ನಾವೇ ಮೊದಲಿಗರಲ್ಲ. ಇಂದೋರ್ ಹತ್ತಿರದ ಪೀಥಂಪುರದಲ್ಲಿ ವೋಲ್ವೋ ಮತ್ತು ಐಷರ್ ಕೂಡಿ ಕಟ್ಟಿದ ಕಂಪನಿ 2013ರಲ್ಲಿ ಮಧ್ಯಮ ದರ್ಜೆಯ ಎಂಜಿನ್ ಘಟಕ ಶುರು ಮಾಡಿತು. 5 ಮತ್ತು 8 ಲೀಟರ್ ಎಂಜಿನ್‌ಗಳು. ಐಷರ್ ಲಾರಿಗೂ ಅಲ್ಲಿಂದಲೇ, ವೋಲ್ವೋ ಗ್ರೂಪಿನ ಯುರೋಪಿನ ಲಾರಿಗಳಿಗೆ ಬೇಸ್ ಎಂಜಿನ್ (ಹೊರಗಿನ ಕೆಲವು ಜೋಡಣೆಗಳಿಲ್ಲದ ಮೂಲ ಎಂಜಿನ್) ಕೂಡ ಅಲ್ಲಿಂದಲೇ. ಚೆನ್ನೈ ಹತ್ತಿರದ ಒರಗಡಂನಲ್ಲಿ ಭಾರತ್ ಬೆಂಜ್ ಲಾರಿಗಳಿಗೆ ಜಪಾನಿನ ಫೂಸೊ ಮೂಲದ 4 ಸಿಲಿಂಡರ್ ಎಂಜಿನ್ ತಯಾರಾಯಿತು. ನಾವು ಯೋಜನೆ ಹಾಕುವಾಗ ಇವನ್ನೆಲ್ಲ ಗಮನವಿಟ್ಟು ನೋಡಿದ್ದೆವು.

ನಮ್ಮ ಇಂಡಸ್ಟ್ರಿಯಲ್ಲಿ 'ಫೈವ್ ಸಿ' ಅಂತಾರೆ. ಸಿಲಿಂಡರ್ ಬ್ಲಾಕ್, ಸಿಲಿಂಡರ್ ಹೆಡ್, ಕ್ರ್ಯಾಂಕ್‌ಶಾಫ್ಟ್, ಕ್ಯಾಮ್‌ಶಾಫ್ಟ್, ಕನೆಕ್ಟಿಂಗ್ ರಾಡ್. ಈ ಐದರಲ್ಲಿ ಬ್ಲಾಕ್, ಹೆಡ್, ಕ್ರ್ಯಾಂಕ್ ಮಾತ್ರ ಒಳಗೆ ತಂದೆವು. ಉಳಿದೆರಡನ್ನು ಕೊಂಡೆವು. ಪಿಸ್ಟನ್, ಬೇರಿಂಗ್, ಟರ್ಬೊ, ಫ್ಯೂಯಲ್ ಇಂಜೆಕ್ಷನ್ ಮುಟ್ಟಲೇ ಇಲ್ಲ. ಅವನ್ನೇ ಕಸುಬು ಮಾಡಿಕೊಂಡವರ ಎದುರು ನಿಲ್ಲುವ ಆಸೆ ಇಟ್ಟುಕೊಳ್ಳಬಾರದು. ಎರಕವೂ ಹೊರಗಿನದೇ. ನಮ್ಮ ರಾಜ್ಯದಲ್ಲೇ ಕೊಪ್ಪಳದ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಬ್ಲಾಕ್ ಮತ್ತು ಹೆಡ್ ಎರಕ ಹೊಯ್ಯುತ್ತದೆ. ಅಂಥ ಫೌಂಡ್ರಿ ನಡೆಸುವುದು ಬೇರೆಯದೇ ವಿದ್ಯೆ.

ಈಗ ಹೋನಿಂಗ್ ವಿಷಯಕ್ಕೆ ಬರುತ್ತೇನೆ. ನಾನು ಜಾಸ್ತಿ ಕಲಿತಿದ್ದು ಅಲ್ಲೇ. ಸಿಲಿಂಡರ್ ಬೋರಿನ, ಅಂದರೆ ಪಿಸ್ಟನ್ ಓಡಾಡುವ ದುಂಡು ತೂತಿನ ಕೊನೆಯ ಕೆಲಸ ಇದು. ಸಾಣೆ ಕಲ್ಲುಗಳು ಸುತ್ತುತ್ತಾ ಮೇಲೆ ಕೆಳಗೆ ಓಡಿ, ಒಳಗೋಡೆಯ ಮೇಲೆ ಅಡ್ಡಡ್ಡ ಗೀರು ಬಿಡುತ್ತವೆ. ಆ ಗೀರಿನ ತಗ್ಗಿನಲ್ಲಿ ಎಣ್ಣೆ ನಿಲ್ಲಬೇಕು. ಗೀರಿನ ಮೇಲ್ತುದಿ ಮಾತ್ರ ಸಪಾಟಾಗಿರಬೇಕು, ಇಲ್ಲದಿದ್ದರೆ ಪಿಸ್ಟನ್ನಿನ ಸುತ್ತ ಇರುವ ರಿಂಗ್ ಬೇಗ ಸವೆಯುತ್ತದೆ. ಇಷ್ಟು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ.

ಒಳವ್ಯಾಸ ಅಳೆಯುವ ಬೋರ್ ಗೇಜ್ ಹಾಕಿದಾಗ ಚೆನ್ನಾಗಿ ದುಂಡಗಿದ್ದ ಬೋರ್, ಹೆಡ್ ಕೂರಿಸಿ ಬೋಲ್ಟ್ ಬಿಗಿದ ಮೇಲೆ ದುಂಡಗೆ ಉಳಿಯುವುದಿಲ್ಲ. ಪ್ರತಿ ಬೋಲ್ಟ್ ತನ್ನ ಸುತ್ತಲಿನ ಎರಕವನ್ನು ಎಳೆಯುತ್ತದೆ. ಸಿಲಿಂಡರಿಗೆ ನಾಲ್ಕು ಬೋಲ್ಟ್ ಇದ್ದರೆ ಬೋರಿನ ಮೇಲ್ಭಾಗ ಕೆಲವೇ ಮೈಕ್ರಾನ್‌ನಷ್ಟು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ನಾಲ್ಕು ಎಸಳಿನ ಹೂವಿನ ಹಾಗೆ ಆಗುತ್ತದೆ. ರಿಂಗ್ ಆ ಎಸಳುಗಳ ಒಳಗೆ ಪೂರ್ತಿ ಕೂರುವುದಿಲ್ಲ. ಎಣ್ಣೆ ಮೇಲೇರಿ ಉರಿಯುತ್ತದೆ. ಹಿಂದೆಲ್ಲ ಡ್ರೈವರ್ ಒಂದಿಷ್ಟು ಜಾಸ್ತಿ ಎಣ್ಣೆ ಹಾಕಿಕೊಂಡು ಓಡಿಸುತ್ತಿದ್ದ. ಬಿಎಸ್ 6ರಲ್ಲಿ ಹಾಗಾಗೋದಿಲ್ಲ. ಉರಿದ ಎಣ್ಣೆಯ ಬೂದಿ ಹೋಗಿ ಡಿಪಿಎಫ್‌ನಲ್ಲಿ ಕೂರುತ್ತದೆ. ಮಸಿಯನ್ನು ಸುಟ್ಟು ತೆಗೆಯಬಹುದು, ಬೂದಿಯನ್ನು ಸುಡಲಾಗುವುದಿಲ್ಲ.

ಇದಕ್ಕೆ ಮದ್ದು ಡೆಕ್ ಪ್ಲೇಟ್. ಹೆಡ್ ಬದಲು ದಪ್ಪ ಉಕ್ಕಿನ ಪ್ಲೇಟನ್ನು ಅದೇ ಟಾರ್ಕ್‌ನಲ್ಲಿ (ತಿರುಚುವ ಬಲದಲ್ಲಿ) ಬಿಗಿದು, ಬ್ಲಾಕನ್ನು ಬೇಕಂತಲೇ ಆ ಆಕಾರಕ್ಕೆ ತಂದು, ಆಮೇಲೆ ಹೋನಿಂಗ್ ಮಾಡುವುದು. ನಾವು ಹಾಗೆ ಮಾಡಿದ ಮೊದಲ ಬ್ಲಾಕುಗಳು ಅಳತೆ ಕೋಣೆಗೆ ಹೋದವು. ಪ್ಲೇಟ್ ಬಿಚ್ಚಿ ಅಳೆದರೆ ಬೋರ್ ದುಂಡಗಿಲ್ಲ! ಅಲ್ಲಿದ್ದವರು ಡ್ರಾಯಿಂಗ್ ನೋಡಿ ಕೆಂಪು ಟ್ಯಾಗ್ ಕಟ್ಟಿ ಪಕ್ಕಕ್ಕಿಟ್ಟರು. ಅವರ ಲೆಕ್ಕದಲ್ಲಿ ಅದು ಸರಿ. ಆದರೆ ಲಾರಿಯಲ್ಲಿ ಚೆನ್ನಾಗಿ ಓಡುವುದು ಆ ಬ್ಲಾಕೇ. ಕೊನೆಗೆ ಪ್ಲೇಟ್ ಬಿಗಿದ ಸ್ಥಿತಿಯಲ್ಲೇ ಅಳೆಯಬೇಕು ಅಂತ ಕಂಟ್ರೋಲ್ ಪ್ಲಾನ್ (ಏನನ್ನು, ಹೇಗೆ ಪರೀಕ್ಷಿಸಬೇಕು ಅನ್ನುವ ದಾಖಲೆ) ಬದಲಾಯಿತು. ಎಂಜಿನ್ ಕೊಳ್ಳುತ್ತಿದ್ದಾಗ ಇದು ನಮ್ಮ ಕಿವಿಗೂ ಬಿದ್ದಿರಲಿಲ್ಲ. ಬೀಳುವ ಕಾರಣವೂ ಇರಲಿಲ್ಲ.

ಅಳತೆಯ ಬಗ್ಗೆ ಇನ್ನೊಂದು ಮಾತು. ನಮ್ಮಲ್ಲಿ ಬೆಳಗಾವಿ ಕಡೆಯ ಹಿರಿಯ ಆಪರೇಟರ್ ಒಬ್ಬರಿದ್ದರು. ಚಿಕ್ಕ ವಯಸ್ಸಿನಿಂದ ಫೌಂಡ್ರಿ, ಮಷಿನ್ ಶಾಪ್‌ಗಳಲ್ಲೇ ಬೆಳೆದವರು. ಮಧ್ಯಾಹ್ನದ ಶಿಫ್ಟಿನಲ್ಲಿ ರೀಡಿಂಗ್ ಏರುತ್ತಿದೆ ಅಂತ ನಾವೆಲ್ಲ ಮಷಿನ್ ಸುತ್ತ ನಿಂತಿದ್ದಾಗ ಅವರು ಬ್ಲಾಕಿನ ಮೇಲೆ ಅಂಗೈ ಇಟ್ಟು, "ಸರ್, ಇದು ಇನ್ನಾ ಬಿಸಿ ಐತ್ರಿ. ವಾಷಿಂಗ್ ಮಷಿನ್‌ದಿಂದ ಈಗ ಬಂದೈತಿ. ಆರಲಿ ಬಿಡ್ರಿ, ಆಮ್ಯಾಲೆ ಅಳೀರಿ" ಅಂದರು. ಲೆಕ್ಕ ಹಾಕಿದರೆ ಅವರ ಮಾತು ಪೂರ್ತಿ ನಿಜ. 110 ಮಿಲಿಮೀಟರಿನ ಎರಕದ ಬೋರ್ 10 ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಟಾಲರೆನ್ಸ್‌ನ, ಅಂದರೆ ಅಳತೆ ಆಚೀಚೆ ಆಗಲು ಇರುವ ಮಿತಿಯ ಬಹುಪಾಲು ಅಲ್ಲೇ ಕರಗಿಹೋಗುತ್ತದೆ. ಆಮೇಲೆ ಬ್ಲಾಕುಗಳು ಆರಲು ಬೇರೆ ಜಾಗ ಮಾಡಿದೆವು. ಇಂಥವರನ್ನು ಮೊದಲ ದಿನದಿಂದಲೇ ಪ್ರಾಜೆಕ್ಟ್ ಮೀಟಿಂಗಿಗೆ ಕರೆಯಬೇಕು ಅಂತ ಅವತ್ತಿನಿಂದ ನಾನು ಹಟ ಹಿಡಿದೆ.

ಅಸೆಂಬ್ಲಿ ಲೈನ್ ಅಷ್ಟು ಕಾಡಲಿಲ್ಲ. ಬೋಲ್ಟ್ ಬಿಗಿಯುವ ನಟ್‌ರನ್ನರ್ ಯಂತ್ರಗಳು ಟಾರ್ಕ್ ಮತ್ತು ಕೋನ ಎರಡನ್ನೂ ದಾಖಲಿಸುತ್ತವೆ, ತಪ್ಪಿದರೆ ಎಂಜಿನ್ ಮುಂದೆ ಹೋಗುವುದಿಲ್ಲ. ಪ್ರತಿ ಎಂಜಿನನ್ನೂ ಡೀಸೆಲ್ ಹಾಕಿ ಓಡಿಸುವ ಬದಲು ಮೋಟಾರಿನಿಂದ ತಿರುಗಿಸಿ ನೋಡುವ ಕೋಲ್ಡ್ ಟೆಸ್ಟ್ ಇಟ್ಟೆವು. ಕೆಲವನ್ನಷ್ಟೇ ಆರಿಸಿ ಹಾಟ್ ಟೆಸ್ಟ್.

ಚಾಸಿ ಫ್ರೇಮ್ ನೋಡಲು ಸುಲಭ. ಎರಡು ಉದ್ದದ ಸಿ ಆಕಾರದ ಲಾಂಗ್ ಮೆಂಬರ್, ನಡುವೆ ಕ್ರಾಸ್ ಮೆಂಬರ್‌ಗಳು, ರಿವೆಟ್ ಮತ್ತು ಬೋಲ್ಟ್. ಕಷ್ಟ ಇರುವುದು ಉಕ್ಕಿನಲ್ಲಿ. ಶೀಟನ್ನು ಮಡಚಿ ಬಿಟ್ಟ ಕೂಡಲೇ ಅದು ಸ್ವಲ್ಪ ವಾಪಸ್ ಬಿಚ್ಚಿಕೊಳ್ಳುತ್ತದೆ. ಉಕ್ಕು ಗಟ್ಟಿ ಆದಷ್ಟೂ ಇದು ಜಾಸ್ತಿ. ಅದೇ ಗ್ರೇಡ್, ಅದೇ ದಪ್ಪ, ಆದರೂ ಒಂದು ಕಾಯಿಲ್ (ಉಕ್ಕಿನ ಶೀಟಿನ ಸುರುಳಿ) ಇನ್ನೊಂದರ ಹಾಗೆ ಇರುವುದಿಲ್ಲ. ಮಡಚಿದ ಅಂಚು ಒಂದು ಡಿಗ್ರಿ ಆಚೀಚೆ ಆದರೂ ಸ್ಪ್ರಿಂಗ್ ಬ್ರಾಕೆಟ್ ಸರಿಯಾಗಿ ಕೂರುವುದಿಲ್ಲ. ಸುಮ್ನೆ ಸುತ್ತಿಗೆ ಹಿಡಿದು ಕೂರಿಸಿದರೆ ಒಳಗೆ ಒತ್ತಡ ಉಳಿದು, ಮುಂದೆ ಯಾವುದೋ ಘಾಟಿಯಲ್ಲಿ ಆ ಬ್ರಾಕೆಟ್ ಕೂರಿಸಿದ ತೂತಿನಿಂದಲೇ ಬಿರುಕು ಶುರುವಾಗುತ್ತದೆ. ಹಾಗಾಗಿ ಪ್ರತಿ ಕಾಯಿಲಿನ ಮೊದಲ ತುಂಡನ್ನು ಮಡಚಿ, ಅಳೆದು, ಪ್ರೆಸ್ ಸೆಟ್ಟಿಂಗ್ ತಿದ್ದಿಕೊಂಡೇ ಮುಂದೆ ಹೋಗುವ ಪದ್ಧತಿ ತಂದೆವು. ಫ್ರೇಮ್ ಮುಗಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯುತ್ತೇವೆ. ಎರಡೂ ಹೊಂದದಿದ್ದರೆ ಲಾರಿ ರಸ್ತೆಯಲ್ಲಿ ಓರೆಯಾಗಿ ಓಡುತ್ತದೆ, ಟೈರ್ ತಿನ್ನುತ್ತದೆ. ಅದರ ಬೆಲೆ ತೆರುವವನು ಲಾರಿ ಮಾಲೀಕ.

ಎಲ್ಲರೂ ಹೀಗೇ ಮಾಡಬೇಕು ಅಂತ ನಾನು ಹೇಳುವುದಿಲ್ಲ. ಬ್ಲಾಕ್ ಲೈನ್ ದಿನವಿಡೀ ತುಂಬಿರದಿದ್ದರೆ ಬಡ್ಡಿಯೇ ತಿಂದುಹಾಕುತ್ತದೆ. ಅಷ್ಟು ಲಾರಿ ಮಾರಲಾಗದ ಕಂಪನಿ ಕೊಳ್ಳುವುದೇ ವಾಸಿ. ಆಗಲೂ ಒಂದು ಒಳ್ಳೆಯ ಅಳತೆ ಕೋಣೆ, ಅದರಲ್ಲಿ ಎಂಜಿನ್ ಬಿಚ್ಚಿ ಓದಬಲ್ಲ ನಾಲ್ಕು ಜನ ಇರಲೇಬೇಕು.

ಸ್ವಂತ ಎಂಜಿನ್ ಮಾಡಲು ಹೊರಡುವವರು ಹಳೆಯ ಸಪ್ಲೈಯರ್ ಜೊತೆ ಕೆಡಿಸಿಕೊಂಡು ಹೊರಡಬೇಡಿ. ಅವರ ಎಂಜಿನ್ ಹೊತ್ತ ಲಾರಿಗಳು ಇನ್ನೂ ಹತ್ತು ಹದಿನೈದು ವರ್ಷ ರಸ್ತೆಯಲ್ಲಿರುತ್ತವೆ. ಆ ಮಾಲೀಕರಿಗೆ ಹೆಡ್ ಗ್ಯಾಸ್ಕೆಟ್ಟು, ಪಿಸ್ಟನ್ ಕಿಟ್ಟು ಸಿಗುತ್ತಲೇ ಇರಬೇಕು. ಹಳೆಯ ಎಂಜಿನ್ನಿನ ಬಿಡಿಭಾಗ ಎಷ್ಟು ವರ್ಷ, ಯಾವ ದರಕ್ಕೆ ಅನ್ನೋದನ್ನು ಹೊಸ ಲೈನಿನ ಮಷಿನುಗಳಿಗೆ ಆರ್ಡರ್ ಕೊಡುವ ಮೊದಲೇ ಕಾಗದದ ಮೇಲೆ ತನ್ನಿ.