ಅರ್ಧ ಬೆಲೆಯ ಪೋಸ್ಟರ್

ಬಟ್ಟೆ ಕಾರ್ಖಾನೆಗಳಲ್ಲಿ ಹೊಲಿಯುವವರ ಕೂಲಿ ಬಗ್ಗೆ ಒಂದು ಪೋಸ್ಟರ್ ಮಾಡಿಕೊಡಿ ಅಂತ ಗೆಳೆಯರ ಗುಂಪೊಂದು ಕೇಳಿತು. ಮೆಷಿನ್ ಮುಂದೆ ದಣಿದು ಕೂತ ಹೆಂಗಸಿನ ಫೋಟೋ ಇರಲಿ ಅನ್ನುವುದು ಅವರ ಆಸೆ. ನಾನು ಬೇಡ ಅಂದೆ. ಅಂಥ ಫೋಟೋ ನೋಡಿದವರು ‘ಅಯ್ಯೋ ಪಾಪ’ ಅಂದು ಮುಂದೆ ಹೋಗುತ್ತಾರೆ. ಆಕೆಯ ಕಷ್ಟಕ್ಕೂ ತಾವು ತೊಟ್ಟ ಅಂಗಿಗೂ ಇರುವ ನಂಟು ಅಲ್ಲಿ ಕಾಣುವುದೇ ಇಲ್ಲ.

ನಂಟು ಕಾಣಿಸುವುದನ್ನು ನಾನು ಕಲಿತದ್ದು ಜರ್ಮನ್ ಕಲಾವಿದ ಜಾನ್ ಹಾರ್ಟ್‌ಫೀಲ್ಡ್‌ನಿಂದ. 1932ರ ಅವನ ಒಂದು ಫೋಟೋಮಾಂಟೇಜಿನಲ್ಲಿ, ಅಂದರೆ ಫೋಟೋ ತುಂಡುಗಳನ್ನು ಜೋಡಿಸಿ ಮಾಡಿದ ಚಿತ್ರದಲ್ಲಿ, ಹಿಟ್ಲರ್ ಬಾಯಿ ತೆರೆದು ಭಾಷಣ ಮಾಡುತ್ತಿದ್ದಾನೆ. ಎದೆಯ ಭಾಗ ಮಾತ್ರ ಎಕ್ಸ್‌ರೇ. ಬೆನ್ನುಮೂಳೆ ಇರಬೇಕಾದಲ್ಲಿ ನಾಣ್ಯಗಳ ಸಾಲು. ಇವನಿಗೆ ದುಡ್ಡು ಕೊಡುತ್ತಿರುವವರು ಯಾರು ಅಂತ ಬಾಯಿಬಿಟ್ಟು ಕೇಳಬೇಕಿಲ್ಲ, ಅಲ್ವಾ?

ಅಂಗಿಯ ಜೊತೆ ಬರುವ ಬೆಲೆ ಚೀಟಿಯನ್ನೇ ಪೋಸ್ಟರ್ ತುಂಬ ದೊಡ್ಡದು ಮಾಡಿದೆ. ಬಾರ್‌ಕೋಡಿನ ಕಪ್ಪು ಗೆರೆಗಳಲ್ಲಿ ಒಂದನ್ನು ತೆಗೆದು ಅಲ್ಲಿ ಹೊಲಿಗೆ ಸೂಜಿಯ ಫೋಟೋ ಕೂರಿಸಿದೆ. ಸೂಜಿಯ ಕೆಳಗೆ ಬಟ್ಟೆ ಹಿಡಿದ ಎರಡು ಬೆರಳು. ಮುಖ ಇಲ್ಲ. ಚೀಟಿಯನ್ನು ಓರೆಯಾಗಿ ಇಟ್ಟೆ. 1919ರಲ್ಲಿ ರಷ್ಯನ್ ಕಲಾವಿದ ಎಲ್ ಲಿಸಿಟ್‌ಸ್ಕಿ ಮಾಡಿದ ಪೋಸ್ಟರಿನಲ್ಲಿ ಕೆಂಪು ತ್ರಿಕೋನ ಬಿಳಿ ವೃತ್ತದೊಳಗೆ ನುಗ್ಗುತ್ತದಲ್ಲ, ಆ ರಭಸ ಓರೆ ಗೆರೆಯಿಂದಲೇ ಬಂದದ್ದು. ಬಣ್ಣ ಕೆಂಪು, ಕಪ್ಪು ಎರಡೇ.

ಮೇಲೆ ಸೇಲ್ ಜಾಹೀರಾತಿನ ಹಾಗೇ ದಪ್ಪಕ್ಷರದಲ್ಲಿ ‘ಅರ್ಧ ಬೆಲೆ!’ ಕೆಳಗೆ ಸಣ್ಣದಾಗಿ ‘ಇನ್ನರ್ಧ ತೆತ್ತವರು ಯಾರು?’

ಈ ಎರಡನೇ ಸಾಲಿಗೇ ಜಾಸ್ತಿ ಹೊತ್ತು ಹಿಡಿಯಿತು. ರಷ್ಯನ್, ಜರ್ಮನ್ ಪೋಸ್ಟರುಗಳ ಹಾಗೆ ಸಾಲುಗಳನ್ನು ಒತ್ತಿ ಜೋಡಿಸಲು ಕನ್ನಡ ಅಕ್ಷರ ಬಿಡುವುದಿಲ್ಲ. ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಅವಕ್ಕೆ ಜಾಗ ಬೇಕು. ಹಾಗಾಗಿ ಸಾಲಿನ ಕೆಳಗೆ ಹೊಲಿಗೆಯ ಗೆರೆ ಎಳೆದು, ನ ಮತ್ತು ತ ಒತ್ತುಗಳು ಬರುವಲ್ಲಿ ಆ ಹೊಲಿಗೆ ಹರಿದಂತೆ ಮಾಡಿದೆ. ನನಗೆ ಇಡೀ ಪೋಸ್ಟರಿನಲ್ಲಿ ತುಂಬ ಇಷ್ಟವಾದ ಜಾಗ ಅದು.

ಜಾಹೀರಾತಿನ ವೇಷ ಹಾಕುವಾಗ ಎಚ್ಚರ ಬೇಕು. 1989ರಲ್ಲಿ ಗ್ರ್ಯಾನ್ ಫ್ಯೂರಿ ಅನ್ನುವ ಕಲಾವಿದರ ಗುಂಪು ಬೆನೆಟನ್ ಅನ್ನುವ ಬಟ್ಟೆ ಕಂಪನಿಯ ಜಾಹೀರಾತಿನ ಶೈಲಿಯಲ್ಲೇ ಏಡ್ಸ್ ಬಗ್ಗೆ ಪೋಸ್ಟರ್ ಮಾಡಿತು. ಮುತ್ತು ಕೊಲ್ಲುವುದಿಲ್ಲ, ದುರಾಸೆ ಮತ್ತು ಅಸಡ್ಡೆ ಕೊಲ್ಲುತ್ತವೆ ಅನ್ನುವುದು ಅದರ ಮಾತು. 1992ರಲ್ಲಿ ಬೆನೆಟನ್ ಏಡ್ಸ್‌ನಿಂದ ಸಾಯುತ್ತಿದ್ದವನ ಫೋಟೋಗೆ ತನ್ನ ಲೋಗೋ ಹಚ್ಚಿತು. ಆ ಫೋಟೋ ಬಳಸಲು ಮನೆಯವರ ಒಪ್ಪಿಗೆ ಇತ್ತು, ನಿಜ. ಆದರೂ ಮೊದಲನೆಯದು ಯಾರು ಹೊಣೆ ಅಂತ ಹೇಳುತ್ತದೆ, ಎರಡನೆಯದು ಹೇಳುವುದಿಲ್ಲ. ನನಗೆ ಈ ಒಂದು ವ್ಯತ್ಯಾಸ ಸಾಕು.

ಹೊಣೆ ಹೇಳಬೇಕಾದರೆ ಲೆಕ್ಕ ಬೇಕು. ಗೆರಿಲ್ಲಾ ಗರ್ಲ್ಸ್ ಅನ್ನುವ ಕಲಾವಿದೆಯರು 1989ರಲ್ಲಿ ನ್ಯೂಯಾರ್ಕಿನ ಮೆಟ್ ಮ್ಯೂಸಿಯಮ್ಮಿಗೆ ಹೋಗಿ ಎಣಿಸಿಕೊಂಡೇ ಬಂದಿದ್ದರು. ಆಧುನಿಕ ಕಲೆಯ ವಿಭಾಗದಲ್ಲಿ ಹೆಂಗಸು ಕಲಾವಿದರು ಶೇ. 5ಕ್ಕಿಂತ ಕಡಿಮೆ, ಬೆತ್ತಲೆ ಚಿತ್ರಗಳಲ್ಲಿ ಶೇ. 85 ಹೆಂಗಸರವು. ಪೋಸ್ಟರಿನಲ್ಲಿ ಅದನ್ನೇ ಅಚ್ಚು ಹಾಕಿದರು. ನಾನೂ ಗುಂಪಿನವರಿಂದ ಕೂಲಿ ಚೀಟಿಗಳನ್ನು ತರಿಸಿಕೊಂಡೆ. ಒಂದು ಅಂಗಿಯ ಬೆಲೆಯಲ್ಲಿ ಹೊಲಿದವರಿಗೆ ಸಿಗುವುದೆಷ್ಟು ಅಂತ ಕೂತು ಲೆಕ್ಕ ಹಾಕಿದೆವು. ಬಾರ್‌ಕೋಡಿನ ಕೆಳಗೆ ಅಂಕಿಗಳಿರುತ್ತವಲ್ಲ, ಆ ಜಾಗದಲ್ಲಿ ಈಗ ಇರುವುದು ಆ ಮೊತ್ತ. ಯಾರಾದರೂ ಪ್ರಶ್ನಿಸಿದರೆ ತೋರಿಸಲು ಚೀಟಿಗಳು ಗುಂಪಿನವರ ಹತ್ತಿರವೇ ಇವೆ.